ರೋಲರ್ ಕೋಸ್ಟರ್‌ನಿಂದ ಹೋದ ಎಮರ್ಜೆನ್ಸಿ ಕಾಲ್: ನಾವೇನು ಮಾಡ್ತಿದ್ದೀವಿ ಅಂತ ಫೋನ್ ಊಹಿಸೋದು ಹೇಗೆ?

(ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿ ಹಾಗೇ ಇದೆ, ಓದುವುದಕ್ಕೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಬಸ್ಸಲ್ಲಿ ನಿಂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಭಾರಿ ಕೆಲಸ ಮಾಡ್ತಿರೋ ಹಾಗೆ ಮುಖ ಮಾಡ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

2022ರ ಸೆಪ್ಟೆಂಬರ್‌ನಲ್ಲಿ ಐಫೋನ್ 14 ಮಾರುಕಟ್ಟೆಗೆ ಬಂತು. ಅದರಲ್ಲೊಂದು ಹೊಸ ಸೌಲಭ್ಯ ಇತ್ತು, ಹೆಸರು ಕ್ರ್ಯಾಶ್ ಡಿಟೆಕ್ಷನ್. ನೀವಿರುವ ಕಾರು ಜೋರಾಗಿ ಡಿಕ್ಕಿ ಹೊಡೆದರೆ ಫೋನ್ ತಾನಾಗೇ ಗುರುತಿಸುತ್ತೆ, ಸ್ಕ್ರೀನ್ ಮೇಲೆ ಎಚ್ಚರಿಕೆ ತೋರಿಸುತ್ತೆ, 20 ಸೆಕೆಂಡ್ ಒಳಗೆ ನೀವು ಬೇಡ ಅನ್ನದಿದ್ದರೆ ತುರ್ತು ಸೇವೆಗೆ ಕರೆ ಮಾಡುತ್ತೆ. ಒಳ್ಳೇದೇ ಅಲ್ವಾ? ಕೆಲವೇ ವಾರಗಳಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ, ಸಿನ್ಸಿನಾಟಿ ಹತ್ತಿರದ ಕಿಂಗ್ಸ್ ಐಲ್ಯಾಂಡ್ ಅನ್ನೋ ಅಮ್ಯೂಸ್‌ಮೆಂಟ್ ಪಾರ್ಕ್‌ನಿಂದ 911ಕ್ಕೆ ಕರೆಗಳು ಹೋಗೋಕೆ ಶುರುವಾಯ್ತು. ಈ ಫೋನಿನ ಮಾಲೀಕರು ಗಂಭೀರ ಕಾರು ಅಪಘಾತಕ್ಕೆ ಸಿಕ್ಕಿದ್ದಾರೆ, ಅವರು ಪ್ರತಿಕ್ರಿಯೆ ಕೊಡ್ತಿಲ್ಲ ಅಂತ ಯಂತ್ರದ ದನಿ ಹೇಳ್ತಿತ್ತು. ಮಾಲೀಕರು ಎಲ್ಲಿದ್ರು? ರೋಲರ್ ಕೋಸ್ಟರ್ ಮೇಲೆ. ಕಾಸು ಕೊಟ್ಟು ಕಿರುಚ್ತಾ ಇದ್ರು.

ಅಂಥ ಕನಿಷ್ಠ ಆರು ಕರೆಗಳು ಅಲ್ಲಿಂದ ಹೋಗಿದ್ದವು ಅಂತ ಆಗ ಅಮೆರಿಕದ ಪತ್ರಿಕೆಗಳಲ್ಲಿ ವರದಿಯಾಯ್ತು. ಆ ಚಳಿಗಾಲದಲ್ಲಿ ಕೊಲರಾಡೊ ರಾಜ್ಯದ ಸಮ್ಮಿಟ್ ಕೌಂಟಿಯ ತುರ್ತು ಕರೆ ಕೇಂದ್ರಕ್ಕೆ 2023ರ ಜನವರಿ 13ರಿಂದ 22ರವರೆಗೆ ಇಂಥ 185 ಕರೆ ಬಂದ್ವು. ಅಲ್ಲಿ ಇದ್ದದ್ದು ಹಿಮದ ಮೇಲೆ ಸ್ಕೀ ಮಾಡೋರು. ಜಾರ್ತಾರೆ, ಬೀಳ್ತಾರೆ, ಎದ್ದು ನಗ್ತಾರೆ. ಜೇಬಿನಲ್ಲಿದ್ದ ಫೋನ್ ಮಾತ್ರ ಪೊಲೀಸರನ್ನ ಕರೆದಿರುತ್ತೆ. ದಪ್ಪ ಕೋಟು, ಗ್ಲೌಸು, ತಲೆಗೆ ಹೆಲ್ಮೆಟ್. ಫೋನ್ ಬಡ್ಕೊಂಡಿದ್ದು ಅವರಿಗೆ ಕೇಳಿಸಿರೋದೂ ಇಲ್ಲ. ಆ ಕಡೆ ಕೂತ ಸಿಬ್ಬಂದಿಗೆ ಒಂದೊಂದು ಕರೆಯನ್ನೂ ನಿಜ ಅಂತಲೇ ಭಾವಿಸಿ ಹಿಂದೆ ಬೀಳಬೇಕಾದ ಪಾಡು. ಅದೇ ಹೊತ್ತಿಗೆ ನಿಜವಾಗಲೂ ಯಾರಿಗೋ ಎದೆ ನೋವು ಬಂದು ಕರೆ ಮಾಡ್ತಿರಬಹುದು.

ಫೋನ್ ದಡ್ಡ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ನನಗೆ ಬೇರೆ ಕುತೂಹಲ. ನಾನು ಈಗ ಕಾರಲ್ಲಿದ್ದೀನಾ, ಮಲಗಿದ್ದೀನಾ, ಮೀಟಿಂಗಲ್ಲಿದ್ದೀನಾ, ಬಿದ್ದಿದ್ದೀನಾ ಅನ್ನೋದನ್ನ ಜೇಬಲ್ಲಿರೋ ಒಂದು ಗಾಜಿನ ಬಿಲ್ಲೆ ಹೇಗೆ ತೀರ್ಮಾನ ಮಾಡುತ್ತೆ? ಇದಕ್ಕೆ ಒಂದು ಶಾಸ್ತ್ರವೇ ಇದೆ. ಕಾಂಟೆಕ್ಸ್ಟ್ ಅವೇರ್ ಕಂಪ್ಯೂಟಿಂಗ್ ಅಂತಾರೆ. ನಾವು ಸಂದರ್ಭ ಅರಿಯೋ ಕಂಪ್ಯೂಟಿಂಗ್ ಅನ್ನೋಣ. ಅದರಲ್ಲಿ ಎರಡು ದೊಡ್ಡ ಕೆಲಸ. ಸಂದರ್ಭವನ್ನ ಯಂತ್ರಕ್ಕೆ ಅರ್ಥವಾಗೋ ಹಾಗೆ ಬರೆದಿಡೋದು ಒಂದು. ಬರೆದಿಟ್ಟದ್ದರಿಂದ ಹೊಸ ತೀರ್ಮಾನಕ್ಕೆ ಬರೋದು ಇನ್ನೊಂದು. ಮೊದಲನೆಯದು ಮಾಡೆಲಿಂಗ್, ಎರಡನೆಯದು ರೀಸನಿಂಗ್.

ಸ್ಮಾರ್ಟ್‌ಫೋನ್ ಹುಟ್ಟೋಕೆ ತುಂಬಾ ಮೊದಲೇ ಈ ಕೆಲಸ ಶುರುವಾಗಿತ್ತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಒಲಿವೆಟ್ಟಿ ಕಂಪನಿಯ ಸಂಶೋಧನಾಲಯ ಇತ್ತು. ಅಲ್ಲಿ ರಾಯ್ ವಾಂಟ್, ಆ್ಯಂಡಿ ಹಾಪರ್ ಮತ್ತವರ ತಂಡ ಆ್ಯಕ್ಟಿವ್ ಬ್ಯಾಡ್ಜ್ ಅನ್ನೋದನ್ನ ಮಾಡಿದ್ರು. 1992ರಲ್ಲಿ ಅದರ ಪ್ರಬಂಧ ಬಂತು. ಎದೆಗೆ ಸಿಕ್ಕಿಸ್ಕೊಳ್ಳೋ ಬ್ಯಾಡ್ಜು. 15 ಸೆಕೆಂಡಿಗೊಮ್ಮೆ ಟಿವಿ ರಿಮೋಟ್‌ನಲ್ಲಿರೋ ಥರದ ಇನ್‌ಫ್ರಾರೆಡ್ ಬೆಳಕಲ್ಲಿ 'ನಾನು ಇಂಥವರು' ಅಂತ ಸಂಕೇತ ಕಳಿಸುತ್ತೆ. ಆಫೀಸಿನ ಕೋಣೆ ಕೋಣೆಯಲ್ಲೂ ಸೆನ್ಸರ್. ಯಾರಿಗಾದ್ರೂ ಫೋನ್ ಬಂದ್ರೆ ಅವರು ಈಗ ಯಾವ ಕೋಣೆಯಲ್ಲಿದ್ದಾರೆ ನೋಡಿ ರಿಸೆಪ್ಷನಿಸ್ಟ್ ಕರೆಯನ್ನ ಅಲ್ಲಿಗೇ ತಿರುಗಿಸೋರು. ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲದ ಕಾಲ, ನೆನಪಿರಲಿ.

ಈಗ ಒಂದು ಪ್ರಶ್ನೆ. ಬ್ಯಾಡ್ಜನ್ನ ಮೇಜಿನ ಮೇಲಿಟ್ಟು ಟೀ ಕುಡಿಯೋಕೆ ಹೋದ್ರೆ? ವ್ಯವಸ್ಥೆ ಪ್ರಕಾರ ನೀವು ಮೇಜಿನ ಹತ್ತಿರವೇ ಇದ್ದೀರಿ. ಸೆನ್ಸರ್ ನೋಡಿದ್ದು ಬ್ಯಾಡ್ಜನ್ನ. 'ಬ್ಯಾಡ್ಜ್ ಇದ್ದಲ್ಲಿ ಮನುಷ್ಯ ಇರ್ತಾನೆ' ಅನ್ನೋದು ಯಾರೋ ಕೂತು ಸೇರಿಸಿದ ಸಾಲು. ಇವತ್ತಿಗೂ ನಮ್ಮ ಫೋನ್ ವಿಷಯದಲ್ಲಿ ಅದೇ ಸಾಲು ನಡೀತಿದೆ. ಮನೇಲಿ ಫೋನ್ ಚಾರ್ಜಿಗಿಟ್ಟು ವಾಕಿಂಗ್ ಹೋದ್ರೆ ಆ ದಿನ ನೀವು ಸೋಮಾರಿ.

ಕಾಂಟೆಕ್ಸ್ಟ್ ಅವೇರ್ ಅನ್ನೋ ಪದವನ್ನ ಬಿಲ್ ಶಿಲಿಟ್ ಮತ್ತು ಮಾರ್ವಿನ್ ಥೈಮರ್ 1994ರಲ್ಲಿ ಬಳಕೆಗೆ ತಂದ್ರು. ಸಂದರ್ಭ ಅಂದ್ರೆ ಏನು ಅನ್ನೋದಕ್ಕೆ ಇವತ್ತಿಗೂ ಎಲ್ಲರೂ ಎತ್ತಿ ಹೇಳೋ ವ್ಯಾಖ್ಯೆ 2001ರಲ್ಲಿ ಅನಿಂದ್ ಡೇ ಬರೆದದ್ದು. ಅದರ ಸಾರ ಇಷ್ಟು: ಒಬ್ಬ ವ್ಯಕ್ತಿ, ಒಂದು ಜಾಗ ಅಥವಾ ಒಂದು ವಸ್ತು ಯಾವ ಸ್ಥಿತಿಯಲ್ಲಿದೆ ಅಂತ ಹೇಳೋಕೆ ಉಪಯೋಗಕ್ಕೆ ಬರೋ ಯಾವ ಮಾಹಿತಿ ಆದ್ರೂ ಸಂದರ್ಭವೇ. ಬಳಸೋ ಕೆಲಸಕ್ಕೆ ಅದು ಸಂಬಂಧಪಟ್ಟಿರಬೇಕು, ಅಷ್ಟೆ. ತುಂಬಾ ಅಗಲವಾದ ವ್ಯಾಖ್ಯೆ. ಹಾಗಾದ್ರೆ ಯಾವುದನ್ನ ಬರ್ಕೋಬೇಕು, ಯಾವುದನ್ನ ಬಿಡ್ಬೇಕು?

ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು. ನಗಬೇಡಿ. ನನಗೆ ಕೋಡ್ ಬರೆಯೋಕೆ ಬರಲ್ಲ. ಆದರೆ ಈ ಪ್ರಬಂಧಗಳನ್ನ ಓದ್ತಾ ಓದ್ತಾ ಇದು ಅಕೌಂಟೆನ್ಸಿಯೇ ಅಲ್ವಾ ಅನ್ನಿಸೋಕೆ ಶುರುವಾಯ್ತು.

ಅಂಗಡಿಯಲ್ಲಿ ದಿನಾ ನೂರಾರು ಬಿಲ್ಲು, ವೋಚರ್ ಹುಟ್ಟುತ್ವೆ. ಆ ಚೀಟಿಗಳ ರಾಶಿ ನೋಡಿ ಅಂಗಡಿ ಲಾಭದಲ್ಲಿದೆಯಾ ಅಂತ ಯಾರಿಗೂ ಹೇಳೋಕಾಗಲ್ಲ. ಒಂದೊಂದನ್ನೂ ಒಂದು ಖಾತೆಗೆ ಹಾಕ್ಬೇಕು. ಬಾಡಿಗೆ, ಸಂಬಳ, ಖರೀದಿ, ಮಾರಾಟ ಅಂತ ಲೆಡ್ಜರ್‌ನಲ್ಲಿ ತಲೆಬರಹ ಇರುತ್ತೆ. ಆಮೇಲೆ ಟ್ರಯಲ್ ಬ್ಯಾಲೆನ್ಸ್, ಆಮೇಲೆ ಲಾಭ ನಷ್ಟದ ಲೆಕ್ಕ. ಫೋನಲ್ಲೂ ಹಾಗೇ. ಅಕ್ಸೆಲೆರೋಮೀಟರ್ ಸೆಕೆಂಡಿಗೆ ಹತ್ತಾರು ಸಲ ಅಲುಗಾಟದ ಅಂಕಿ ಕೊಡುತ್ತೆ, ಗೈರೋಸ್ಕೋಪ್ ತಿರುಗಿದ್ದನ್ನ ಹೇಳುತ್ತೆ, ಜಿಪಿಎಸ್ ಜಾಗ ಹೇಳುತ್ತೆ, ವೈಫೈ, ಬ್ಲೂಟೂತ್, ಮೈಕು, ಗಡಿಯಾರ, ಕ್ಯಾಲೆಂಡರ್. ಇವೆಲ್ಲ ವೋಚರ್‌ಗಳು. ಇವನ್ನ 'ನಡೀತಿದ್ದಾರೆ', 'ಮನೇಲಿದ್ದಾರೆ' ಅನ್ನೋ ತಲೆಬರಹದ ಕೆಳಗೆ ಹಾಕೋದು ಮಾಡೆಲಿಂಗ್. ಅದರಿಂದ 'ಈಗ ತೊಂದರೆ ಕೊಡಬಾರದು' ಅಂತ ತೀರ್ಮಾನಕ್ಕೆ ಬರೋದು ರೀಸನಿಂಗ್.

ಇನ್ನೊಂದು ಹೋಲಿಕೆನೂ ಇದೆ, ಅದೇ ನನಗೆ ಮುಖ್ಯ ಅನ್ನಿಸೋದು. ಲೆಡ್ಜರ್‌ನಲ್ಲಿ ತಲೆಬರಹವೇ ಇಲ್ಲದ ಖರ್ಚು ಬಂದ್ರೆ ಗುಮಾಸ್ತ ಏನ್ಮಾಡ್ತಾನೆ? ಹತ್ತಿರದ ಯಾವುದೋ ಖಾತೆಗೆ ತಳ್ಳಿಬಿಡ್ತಾನೆ, ಇಲ್ಲಾ ಸಸ್ಪೆನ್ಸ್ ಅಕೌಂಟಿಗೆ ಹಾಕ್ತಾನೆ. ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಆ್ಯಪ್‌ಗಳಿಗೆ ಅಂತ ಗೂಗಲ್ ಕೊಟ್ಟಿರೋ ಒಂದು ವ್ಯವಸ್ಥೆ ಇದೆ. ನೀವು ಏನು ಮಾಡ್ತಿದ್ದೀರಿ ಅಂತ ಆ್ಯಪ್ ಕೇಳಿದ್ರೆ ಅದು ಒಂದು ಚಿಕ್ಕ ಪಟ್ಟಿಯಿಂದ ಉತ್ತರ ಕೊಡುತ್ತೆ: ವಾಹನದಲ್ಲಿ, ಸೈಕಲ್ ಮೇಲೆ, ಕಾಲ ಮೇಲೆ, ನಡಿಗೆ, ಓಟ, ಅಲುಗಾಟ ಇಲ್ಲ, ಫೋನ್ ಓರೆಯಾಯ್ತು, ಗೊತ್ತಿಲ್ಲ. ಪ್ರತಿ ಉತ್ತರದ ಜೊತೆ ಎಷ್ಟು ಖಾತ್ರಿ ಅಂತ 0ಯಿಂದ 100ರವರೆಗೆ ಒಂದು ಅಂಕಿ. ಆ 'ಗೊತ್ತಿಲ್ಲ' ಇದೆಯಲ್ಲ, ಅದೇ ಸಸ್ಪೆನ್ಸ್ ಅಕೌಂಟ್. ಪಟ್ಟಿಯನ್ನ ಇನ್ನೊಂದ್ಸಲ ಕೇಳಿಸ್ಕೊಳ್ಳಿ, ಏನೋ ಒಂದು ಬಿಟ್ಟುಹೋಗಿದೆ. ಅದಕ್ಕೆ ಆಮೇಲೆ ಬರ್ತೀನಿ.

ಸಂದರ್ಭವನ್ನ ಬರೆದಿಡೋಕೆ ಹಲವು ರೀತಿ ಇವೆ. ಸುಲಭದ್ದು, ಹೆಸರಿನ ಮುಂದೆ ಬೆಲೆ ಬರೆಯೋದು: ಜಾಗ ಮನೆ, ಸಮಯ ರಾತ್ರಿ. ಇನ್ನೂ ವಿವರ ಬೇಕು ಅಂದ್ರೆ ವಸ್ತುಗಳ ನಡುವಿನ ಸಂಬಂಧವನ್ನೂ ಬರೆಯೋದು: ಅಡುಗೆಮನೆ ಮನೆಯ ಭಾಗ, ಆದ್ದರಿಂದ ಅಡುಗೆಮನೆಯಲ್ಲಿರೋರು ಮನೆಯಲ್ಲಿದ್ದಾರೆ. ಈ ಎರಡನೇ ರೀತಿಗೆ ಆಂಟಾಲಜಿ ಅನ್ನೋ ಭಾರೀ ಹೆಸರು. 2004ರಲ್ಲಿ ಸಿಂಗಾಪುರದ ಸಂಶೋಧಕರು ಕೋನಾನ್ ಅಂತ ಒಂದು ಮಾದರಿ ಪ್ರಕಟಿಸಿದ್ರು. ಅದರಲ್ಲಿ ಬರೋ ಒಂದು ನಿಯಮ ನನಗೆ ತುಂಬಾ ಇಷ್ಟ. ಒಬ್ಬರು ಬಾತ್‌ರೂಮಲ್ಲಿದ್ದಾರೆ, ಬಾತ್‌ರೂಮಿನ ಬಾಗಿಲು ಹಾಕಿದೆ, ಅಲ್ಲಿರೋ ವಾಟರ್ ಹೀಟರ್ ಆನ್ ಆಗಿದೆ. ಹಾಗಿದ್ರೆ ಅವರು ಸ್ನಾನ ಮಾಡ್ತಿದ್ದಾರೆ.

ಚೆನ್ನಾಗಿದೆ. ಯಾಕೆ ಈ ತೀರ್ಮಾನಕ್ಕೆ ಬಂದೆ ಅಂತ ಕೇಳಿದ್ರೆ ಯಂತ್ರ ಮೂರು ಕಾರಣ ಬೆರಳು ಮಡಿಸಿ ಹೇಳುತ್ತೆ. ಆದ್ರೆ ಈ ನಿಯಮನ ನಮ್ಮ ಮನೆಗೆ ತನ್ನಿ. ನಮ್ಮಲ್ಲಿ ಗೀಸರ್ ಹಾಕೋದು ಸ್ನಾನಕ್ಕೆ ಅರ್ಧ ಗಂಟೆ ಮೊದಲು, ಸ್ನಾನ ಮಾಡುವಾಗ ಆರಿಸಿಬಿಡ್ತಾರೆ. ಕರೆಂಟ್ ಬಿಲ್ಲು ಒಂದು ಕಾರಣ, ಶಾಕ್ ಹೊಡೆಯೋ ಭಯ ಇನ್ನೊಂದು. ಗೀಸರ್ ಆನ್ ಇದೆ, ಒಳಗೆ ಅಮ್ಮ ಬಾಗಿಲು ಮುಂದೆ ಮಾಡ್ಕೊಂಡು ಬಟ್ಟೆ ಒಗೀತಿದ್ದಾರೆ. ಯಂತ್ರ ಸ್ನಾನ ಅಂತ ಬರ್ಕೊಳ್ಳುತ್ತೆ. ನಿಯಮದ ತರ್ಕದಲ್ಲಿ ಒಂದಕ್ಷರ ತಪ್ಪಿಲ್ಲ. ಅದನ್ನ ಬರೆದೋರ ಮನೆ ಬೇರೆ, ನಮ್ಮ ಮನೆ ಬೇರೆ.

ನಿಮ್ಮ ಫೋನಲ್ಲೇ ಇಂಥ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಡು ನಾಟ್ ಡಿಸ್ಟರ್ಬ್ ಹಾಕಿದ್ರೂ, ಒಬ್ಬರೇ ಮತ್ತೆ ಮತ್ತೆ ಕರೆ ಮಾಡಿದ್ರೆ ಎರಡನೇ ಕರೆ ರಿಂಗ್ ಆಗಲಿ ಅಂತ ಸೆಟ್ಟಿಂಗ್ ಇಡಬಹುದು. ಐಫೋನ್‌ನಲ್ಲಿ 3 ನಿಮಿಷದೊಳಗೆ, ಆ್ಯಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ. ಎರಡು ಸಲ ಮಾಡಿದ್ರೆ ಅರ್ಜೆಂಟ್ ಇರ್ಬೇಕು ಅನ್ನೋ ಊಹೆ ಅದರ ಹಿಂದಿದೆ. ಆ ಇಂಜಿನಿಯರ್‌ಗಳಿಗೆ ನಮ್ಮ ಅಮ್ಮಂದಿರ ಪರಿಚಯ ಇಲ್ಲ. 'ಊಟ ಆಯ್ತಾ' ಅಂತ ಕೇಳೋಕೆ ಐದು ಸಲ ಮಾಡ್ತಾರೆ.

ಕಟ್ಟುನಿಟ್ಟಿನ ನಿಯಮಕ್ಕೆ ಇರೋ ತೊಂದರೆ ಏನಂದ್ರೆ ಲೋಕ ಹೌದು, ಅಲ್ಲ ಅಂತ ಎರಡೇ ಉತ್ತರ ಕೊಡಲ್ಲ. ಗಂಟೆಗೆ 25 ಕಿಲೋಮೀಟರ್‌ಗಿಂತ ವೇಗ ಇದ್ರೆ ವಾಹನ, ಕಡಿಮೆ ಇದ್ರೆ ನಡಿಗೆ ಅಂತ ನಿಯಮ ಬರೀರಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಆರೂವರೆಗೆ ಎಲ್ಲರೂ ಪಾದಚಾರಿಗಳೇ. ಆದ್ದರಿಂದ ಈಗಿನ ವ್ಯವಸ್ಥೆಗಳು ಒಂದು ಕ್ಷಣದ ಅಂಕಿ ನೋಡಲ್ಲ, ಹಿಂದಿನ ಸ್ವಲ್ಪ ಹೊತ್ತಿನ ಚಿತ್ರ ನೋಡ್ತವೆ. ನಡಿಗೆಯ ಅಲುಗಾಟಕ್ಕೆ ಒಂದು ತಾಳ ಇರುತ್ತೆ, ಇಂಜಿನ್ನಿನ ನಡುಕಕ್ಕೆ ಬೇರೆ ತಾಳ. ಹಲವು ಸೆನ್ಸರ್‌ಗಳ ಸಾಕ್ಷ್ಯ ಸೇರಿಸಿ, ಇಷ್ಟರಮಟ್ಟಿಗೆ ಖಾತ್ರಿ ಅಂತ ಅಂಕಿ ಕೊಡ್ತವೆ. ನಿಯಮವನ್ನ ಮನುಷ್ಯ ಬರೆಯೋ ಬದಲು ಸಾವಿರಾರು ಉದಾಹರಣೆ ತೋರಿಸಿ ಯಂತ್ರವೇ ಕಲಿಯೋ ಹಾಗೆ ಮಾಡ್ತಾರೆ. ಇದರಲ್ಲಿ ಒಂದು ನಷ್ಟ ಇದೆ. ಗೀಸರ್ ನಿಯಮದ ಥರ ಬೆರಳು ಮಡಿಸಿ ಕಾರಣ ಹೇಳೋಕೆ ಇದಕ್ಕೆ ಬರಲ್ಲ.

ಈಗ ರೋಲರ್ ಕೋಸ್ಟರ್‌ಗೆ ವಾಪಸ್ ಹೋಗೋಣ. ಐಫೋನ್‌ನ ಕ್ರ್ಯಾಶ್ ಡಿಟೆಕ್ಷನ್ ಏನೇನು ನೋಡುತ್ತೆ ಅಂತ ಆ್ಯಪಲ್ ಕಂಪನಿಯೇ ಹೇಳಿದೆ. ಗುರುತ್ವದ 256 ಪಟ್ಟಿನವರೆಗಿನ ಹೊಡೆತ ಅಳೆಯೋ ಅಕ್ಸೆಲೆರೋಮೀಟರ್. ದಿಕ್ಕು ಗಿರ್ರನೆ ತಿರುಗಿದ್ದಕ್ಕೆ ಗೈರೋಸ್ಕೋಪ್. ವೇಗ ತಟ್ಟನೆ ಇಳಿದದ್ದಕ್ಕೆ ಜಿಪಿಎಸ್. ಡಿಕ್ಕಿಯ ಜೋರು ಸದ್ದಿಗೆ ಮೈಕು. ಇನ್ನೊಂದು ಮಜಾ ಇದೆ, ಬ್ಯಾರೋಮೀಟರ್. ಏರ್‌ಬ್ಯಾಗ್ ಪಟ್ಟನೆ ಬಿಚ್ಚಿಕೊಂಡ್ರೆ ಮುಚ್ಚಿದ ಕಾರಿನೊಳಗಿನ ಗಾಳಿಯ ಒತ್ತಡ ಬದಲಾಗುತ್ತೆ, ಅದನ್ನ ಹಿಡಿಯೋಕೆ. ನಿಜವಾದ ಚಾಲನೆ ಮತ್ತು ಅಪಘಾತಗಳ ದಾಖಲೆಯ 10 ಲಕ್ಷ ಗಂಟೆಗೂ ಮೀರಿದ ಮಾಹಿತಿ ಮೇಲೆ ತರಬೇತಿ ಕೊಟ್ಟಿದ್ದೀವಿ ಅಂತಲೂ ಕಂಪನಿ ಹೇಳ್ತು.

ಇಷ್ಟೆಲ್ಲಾ ಇದ್ದೂ ಯಾಕೆ ಎಡವಿತು? ರೋಲರ್ ಕೋಸ್ಟರ್‌ನಲ್ಲಿ ಏನಿರುತ್ತೆ ನೋಡಿ. ವೇಗ ಇದೆ, ತಟ್ಟನೆ ಬ್ರೇಕ್ ಇದೆ, ತಿರುವು ಇದೆ, ಎತ್ತರದಿಂದ ಇಳಿಯೋದ್ರಿಂದ ಗಾಳಿಯ ಒತ್ತಡವೂ ಬದಲಾಗುತ್ತೆ, ಕಿರುಚಾಟವಂತೂ ಇದ್ದೇ ಇದೆ. ಸಾಕ್ಷಿಗಳೆಲ್ಲ ಒಂದೇ ಮಾತು ಹೇಳ್ತಿವೆ. ಕಾಮರ್ಸ್ ಓದಿದೋರಿಗೆ ಇದು ಗೊತ್ತು: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಮೆಷಿನ್ ರಿಪೇರಿ ಖರ್ಚನ್ನ ಮೆಷಿನ್ ಖಾತೆಗೇ ಹಾಕಿದ್ರೂ ಎರಡೂ ಬದಿ ಸಮ ಬರುತ್ತೆ. ಎರರ್ ಆಫ್ ಪ್ರಿನ್ಸಿಪಲ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ವಲ್ಲ, ಅದೇ ಇದು. ಪ್ರತಿ ಅಂಕಿಯೂ ಸರಿ, ಖಾತೆ ತಪ್ಪು.

ಇನ್ನೂ ಒಂದು ಲೆಕ್ಕ ಇದೆ, ಇದು ಸ್ವಲ್ಪ ನಿಧಾನಕ್ಕೆ ಕೇಳಿಸ್ಕೊಳ್ಳಿ. ಈ ಅಂಕಿಗಳು ಬರೀ ಉದಾಹರಣೆಗೆ, ನಾನು ಇಟ್ಕೊಂಡಿದ್ದು. 10 ಲಕ್ಷ ಪ್ರಯಾಣ ನಡೀತು ಅನ್ನಿ. ಅದರಲ್ಲಿ ಗಂಭೀರ ಅಪಘಾತ ಬರೀ 10. ನಮ್ಮ ಫೋನ್ ಭಾರೀ ಚುರುಕು, ಹತ್ತರಲ್ಲಿ 9ನ್ನ ಹಿಡಿಯುತ್ತೆ. ಅಪಘಾತ ಆಗದ ಪ್ರಯಾಣಗಳಲ್ಲಿ ಅದು ತಪ್ಪಾಗಿ ಕೂಗೋದು 10,000ಕ್ಕೆ ಒಂದೇ ಸಲ. ಯಾರಾದ್ರೂ ಭೇಷ್ ಅಂತಾರೆ. ಈಗ ಎಣಿಸಿ. ಸರಿಯಾದ ಕರೆ 9. ತಪ್ಪು ಕರೆ ಸುಮಾರು 100. ತುರ್ತು ಕೇಂದ್ರಕ್ಕೆ ಹೋದ 109 ಕರೆಗಳಲ್ಲಿ 100 ಸುಳ್ಳು. ಅಪರೂಪದ ಘಟನೆಯನ್ನ ಹುಡುಕೋ ಯಂತ್ರದ ಹಣೆಬರಹ ಇದು. ಎಷ್ಟೇ ಚುರುಕಾದ್ರೂ ಸುಳ್ಳು ಕೂಗು ಜಾಸ್ತಿಯೇ.

ಹಾಗಾದ್ರೆ ಇನ್ನೂ ಖಾತ್ರಿ ಆದ ಮೇಲೇ ಕೂಗು ಅಂತ ಬಿಗಿ ಮಾಡಬಹುದಲ್ಲ? ಮಾಡಬಹುದು. 2022ರ ನವೆಂಬರ್ ಕೊನೆಯಲ್ಲಿ ಮತ್ತು 2023ರ ಫೆಬ್ರವರಿಯಲ್ಲಿ ಬಂದ ಐಫೋನ್ ಅಪ್‌ಡೇಟ್‌ಗಳಲ್ಲಿ ಕ್ರ್ಯಾಶ್ ಡಿಟೆಕ್ಷನ್‌ನ ಸುಧಾರಣೆಯೂ ಇತ್ತು. ಆದ್ರೆ ಬಿಗಿ ಮಾಡಿದಷ್ಟೂ ಇನ್ನೊಂದು ಕಡೆ ಬೆಲೆ ಕೊಡ್ಬೇಕು. ಆ 9 ಇದ್ದದ್ದು 7 ಆಗಬಹುದು. ಉಳಿದೋರು ಕತ್ತಲೆಯ ರಸ್ತೆ ಬದಿಯಲ್ಲಿ, ಫೋನ್ ಜೇಬಲ್ಲೇ ಇದ್ದೂ, ಯಾರಿಗೂ ಗೊತ್ತಾಗದೆ ಬಿದ್ದಿರ್ತಾರೆ. ಯಾವ ತಪ್ಪು ವಾಸಿ ಅಂತ ಆರಿಸೋದು ಗಣಿತದ ಕೆಲಸ ಅಲ್ಲವೇ ಅಲ್ಲ. ಅದನ್ನ ಯಾರೋ ಒಂದು ಮೀಟಿಂಗ್ ರೂಮಲ್ಲಿ ಕೂತು ಆರಿಸಿರ್ತಾರೆ.

ಸುಮ್ಮನಿದ್ದು ತಪ್ಪು ಮಾಡಿದ ಉದಾಹರಣೆ ಬೇಕು ಅಂದ್ರೆ ಟರ್ಕಿಗೆ ಹೋಗ್ಬೇಕು. ಆ್ಯಂಡ್ರಾಯ್ಡ್ ಫೋನ್‌ಗಳು ಸೇರಿಕೊಂಡು ಭೂಕಂಪ ಗುರುತಿಸೋ ವ್ಯವಸ್ಥೆಯನ್ನ ಗೂಗಲ್ 2020ರಿಂದ ನಡೆಸ್ತಿದೆ. ಭಾರತಕ್ಕೆ 2023ರಲ್ಲಿ ಬಂತು. ಸುಮ್ಮನೆ ಇಟ್ಟಿರೋ ಫೋನ್ ಅಲುಗಾಡಿದ್ರೆ ಅದು ಸರ್ವರ್‌ಗೆ ಹೇಳುತ್ತೆ. ಒಂದು ಊರಿನ ಸಾಕಷ್ಟು ಫೋನ್‌ಗಳು ಒಟ್ಟಿಗೆ ಹೇಳಿದ್ರೆ ಭೂಕಂಪ ಅಂತ ತೀರ್ಮಾನ. ಮೇಜಿನಿಂದ ಬಿದ್ದ ಒಂದು ಫೋನ್ ಮೋಸ ಮಾಡಬಹುದು, ಸಾವಿರ ಫೋನ್ ಒಟ್ಟಿಗೆ ಬೀಳಲ್ಲ. ಉಪಾಯ ಸೊಗಸಾಗಿದೆ. ಎಚ್ಚರಿಕೆ ಎರಡು ಬಗೆ. ಒಂದು ಹಗುರದ್ದು, ಸೈಲೆಂಟಲ್ಲಿದ್ರೆ ಸುಮ್ಮನೆ ಬಂದು ಕೂರುತ್ತೆ. ಇನ್ನೊಂದು ಜೋರಿನದು, ಡು ನಾಟ್ ಡಿಸ್ಟರ್ಬ್ ಮೀರಿ ಬಡ್ಕೊಳ್ಳುತ್ತೆ, ಸ್ಕ್ರೀನ್ ಪೂರ್ತಿ ತುಂಬುತ್ತೆ, ಮಲಗಿದೋರನ್ನ ಎಬ್ಬಿಸುತ್ತೆ.

2023ರ ಫೆಬ್ರವರಿ 6, ಬೆಳಗಿನ ಜಾವ 4 ಗಂಟೆ 17 ನಿಮಿಷ. ಟರ್ಕಿಯ ದಕ್ಷಿಣ ಭಾಗದಲ್ಲಿ 7.8 ತೀವ್ರತೆಯ ಭೂಕಂಪ. ಜನ ನಿದ್ದೆಯಲ್ಲಿದ್ದಾರೆ, ಫೋನ್ ಹಾಸಿಗೆ ಪಕ್ಕದಲ್ಲಿದೆ. ವ್ಯವಸ್ಥೆ ಕೆಲಸ ಮಾಡ್ತು, ಭೂಕಂಪ ಅಂತ ಗುರುತಿಸ್ತು. ಆದ್ರೆ ತೀವ್ರತೆಯನ್ನ 4.5ರಿಂದ 4.9ರ ನಡುವೆ ಅಂತ ಅಂದಾಜಿಸ್ತು. ಎಬ್ಬಿಸೋ ಎಚ್ಚರಿಕೆ ಆ ಮೊದಲ ಕಂಪನಕ್ಕೆ ಹೋಗಿದ್ದು ಬರೀ 469 ಫೋನ್‌ಗಳಿಗೆ. ಹಗುರದ ಎಚ್ಚರಿಕೆ ಸುಮಾರು 5 ಲಕ್ಷಕ್ಕೆ. ಗೂಗಲ್ ಸಂಶೋಧಕರೇ ಆಮೇಲೆ ಸುಧಾರಿಸಿದ ಲೆಕ್ಕ ಹಾಕಿ ನೋಡಿದಾಗ ಎಬ್ಬಿಸೋ ಎಚ್ಚರಿಕೆ 1 ಕೋಟಿ ಫೋನ್‌ಗಳಿಗೆ ಹೋಗಬೇಕಿತ್ತು ಅಂತ ಬಂತು. ಇದನ್ನ ಅವರು 2025ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ್ರು. ಆ ಭೂಕಂಪಗಳಲ್ಲಿ ಟರ್ಕಿ, ಸಿರಿಯಾ ಎರಡೂ ಸೇರಿ ಸತ್ತವರು 50,000ಕ್ಕೂ ಹೆಚ್ಚು. ಎಚ್ಚರಿಕೆ ಬಂದಿದ್ರೆ ಎಷ್ಟು ಜನ ಉಳೀತಿದ್ರು ಅಂತ ಲೆಕ್ಕ ಹಾಕೋಕೆ ನಾನು ಹೋಗಲ್ಲ. ಒಂದು ಊಹೆಯ ಅಂಕಿ ತುಂಬಾ ಕೆಳಗೆ ಇದ್ದದ್ದಕ್ಕೆ ಫೋನ್ 'ಇವರನ್ನ ಎಬ್ಬಿಸೋದು ಬೇಡ' ಅಂತ ತೀರ್ಮಾನಿಸ್ತು. ಅಷ್ಟು ಸಾಕು ನನಗೆ.

ಸರಿ, ಆಗಿನ ಪಟ್ಟಿ ನೆನಪಿದೆಯಾ? ವಾಹನದಲ್ಲಿ, ಸೈಕಲ್ ಮೇಲೆ, ನಡಿಗೆ, ಓಟ. ಏನಿಲ್ಲ ಅದರಲ್ಲಿ? ಬೈಕ್ ಇಲ್ಲ. ಸ್ಕೂಟರ್ ಇಲ್ಲ.

ಐಫೋನ್‌ನ ಕ್ರ್ಯಾಶ್ ಡಿಟೆಕ್ಷನ್ ಬಗ್ಗೆ ಆ್ಯಪಲ್ ಕೊಟ್ಟಿರೋ ವಿವರ ಓದಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಆಗೋ ಡಿಕ್ಕಿ, ಪಲ್ಟಿ. ಸೆಡಾನ್, ಮಿನಿವ್ಯಾನ್, ಎಸ್‌ಯುವಿ, ಪಿಕಪ್ ಟ್ರಕ್, ಇತರ ಪ್ರಯಾಣಿಕ ಕಾರು. ಪಟ್ಟಿ ಮುಗೀತು. ಬೈಕ್ ಬಿದ್ದಾಗ ಅದು ಕರೆ ಮಾಡೋದೇ ಇಲ್ಲ ಅಂತ ಇದರ ಅರ್ಥ ಅಲ್ಲ, ಹೊಡೆತ ಜೋರಾಗಿದ್ರೆ ಮಾಡಲೂಬಹುದು. ಆದ್ರೆ ಅದನ್ನ ಮಾಡಿದ್ದು ಅದಕ್ಕೆ ಅಂತ ಅಲ್ಲ. ಈಗ ನಮ್ಮ ದೇಶದ ಲೆಕ್ಕ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದ ಮೇಲಿದ್ದೋರು. ನಮ್ಮಲ್ಲಿ ರಸ್ತೆಯ ಸಾವಿನ ದೊಡ್ಡ ಖಾತೆ ಯಾವುದೋ, ಆ ಖಾತೆಗೇ ಲೆಡ್ಜರ್‌ನಲ್ಲಿ ತಲೆಬರಹ ಇಲ್ಲ.

ಇದು ಬರೀ ಅಸಡ್ಡೆ ಅಂತ ಹೇಳೋಕೂ ಆಗಲ್ಲ. ನನ್ನ ಅತ್ತೆ ಮಗ ಒಬ್ಬ ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡ್ತಾನೆ. ದಿನಕ್ಕೆ ಹತ್ತು ಗಂಟೆ ಗಾಡಿ ಮೇಲೇ. ಈ ಎಪಿಸೋಡ್‌ಗೆ ಅಂತ ಅವನನ್ನ ಕೇಳಿದೆ, ಗಾಡಿ ಓಡಿಸುವಾಗ ಫೋನ್ ಎಲ್ಲಿರುತ್ತೆ ಅಂತ. 'ಹ್ಯಾಂಡಲ್ ಮೇಲಿನ ಹೋಲ್ಡರಲ್ಲಿ, ಇನ್ನೆಲ್ಲಿರುತ್ತೆ ಭಾವ? ಹಂಪ್ ಮೇಲೆ ಜೋರಾಗಿ ಹೋದ್ರೆ ಹಾರಿ ರೋಡಿಗೆ ಬೀಳುತ್ತೆ. ಪ್ರತಿ ಸಲ ಅದು ಆ್ಯಂಬುಲೆನ್ಸ್ ಕರೆದ್ರೆ ನನ್ನ ಐಡಿನೇ ಬ್ಲಾಕ್ ಮಾಡ್ತಾರೆ ಅಷ್ಟೇ' ಅಂದ.

ಅವನು ತಮಾಷೆಗೆ ಹೇಳಿದ್ದು, ಆದ್ರೆ ಕಷ್ಟ ಇರೋದೇ ಅಲ್ಲಿ. ಕಾರಲ್ಲಿ ಫೋನ್ ಒಂದು ಡಬ್ಬಿಯೊಳಗೆ ಇರುತ್ತೆ, ಡಬ್ಬಿಗೆ ಆದದ್ದು ಮನುಷ್ಯನಿಗೂ ಆಗುತ್ತೆ. ಬೈಕಲ್ಲಿ ಡಬ್ಬಿಯೇ ಇಲ್ಲ. ಸಾಮಾನ್ಯ ಬೈಕಿಗೆ ಏರ್‌ಬ್ಯಾಗ್ ಇರಲ್ಲ, ಒತ್ತಡ ಬದಲಾಗೋ ಮುಚ್ಚಿದ ಜಾಗವೂ ಇಲ್ಲ, ಬ್ಯಾರೋಮೀಟರ್ ಸಾಕ್ಷಿ ಹೋಯ್ತು. ಸವಾರ ಒಂದು ಕಡೆ, ಗಾಡಿ ಇನ್ನೊಂದು ಕಡೆ, ಹೋಲ್ಡರಲ್ಲಿದ್ದ ಫೋನ್ ಮತ್ತೊಂದು ಕಡೆ. ಜೇಬಲ್ಲಿದ್ದ ಫೋನಿಗೆ ಬೇರೆ ಹೊಡೆತ, ಹ್ಯಾಂಡಲ್ ಮೇಲಿದ್ದ ಫೋನಿಗೆ ಬೇರೆ. ನಮ್ಮ ರಸ್ತೆಯ ಗುಂಡಿಗಳಂತೂ ಪ್ರತಿ ನೂರು ಮೀಟರಿಗೆ ಒಂದು ಸುಳ್ಳು ಅಪಘಾತ. ಬ್ಯಾಡ್ಜ್ ಇದ್ದಲ್ಲಿ ಮನುಷ್ಯ ಇರ್ತಾನೆ ಅನ್ನೋ ಆ ಹಳೇ ಸಾಲು ಇಲ್ಲಿ ಮುರಿದುಬೀಳುತ್ತೆ.

ಕಷ್ಟ ಹೌದು. ಆದ್ರೆ ಕಷ್ಟ ಅಂತ ಬಿಟ್ಟಿದ್ದಾ, ಇಲ್ಲಾ ಯಾರಿಗೂ ಹೊಳೀಲಿಲ್ಲವಾ ಅನ್ನೋದು ಬೇರೆ ಪ್ರಶ್ನೆ. ಯಾಕಂದ್ರೆ ಬೇರೆ ಕಡೆ ಹೊಳೆದದ್ದೂ ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಮೊದಲು ಕಾರು, ಬಸ್ಸು, ನಡಿಗೆ ಅಂತ ಇತ್ತು. ಕಾರು ಹೋಗದ ಗಲ್ಲಿಯಲ್ಲಿ ಬೈಕ್ ನುಗ್ಗುತ್ತೆ ಅನ್ನೋದು ಅದಕ್ಕೆ ಗೊತ್ತೇ ಇರಲಿಲ್ಲ. 2017ರ ಡಿಸೆಂಬರ್‌ನಲ್ಲಿ ದ್ವಿಚಕ್ರ ವಾಹನದ ಮೋಡ್ ಬಂತು, ಅದೂ ಮೊದಲು ಭಾರತಕ್ಕೇ ಬಂತು. ಲೆಡ್ಜರ್‌ಗೆ ಒಂದು ತಲೆಬರಹ ಸೇರಿಸಿದ್ರು. ಮಾರನೇ ದಿನದಿಂದ ದಾರಿ ಬದಲಾಯ್ತು, ತಲುಪೋ ಸಮಯದ ಅಂದಾಜು ಬದಲಾಯ್ತು. ಇಲ್ಲಿ ಎಷ್ಟು ಕೋಟಿ ಜನ ಬೈಕ್ ಓಡಿಸ್ತಾರೆ, ಅದು ಎಷ್ಟು ದೊಡ್ಡ ಮಾರುಕಟ್ಟೆ ಅಂತ ಕಂಡಾಗ ಪಟ್ಟಿ ಉದ್ದ ಆಗುತ್ತೆ. ಬಿ.ಕಾಂ. ಓದಿದೋನ ಅನುಮಾನ ಅಂದ್ಕೊಳ್ಳಿ.

ಖಾಸಗಿತನದ ಬಗ್ಗೆ ಯಾಕೆ ಮಾತಾಡಿಲ್ಲ ಅಂತ ಕೆಲವರು ಕೇಳ್ತೀರಿ. ನಿಜ, ಸಂದರ್ಭ ಚೆನ್ನಾಗಿ ಗೊತ್ತಾಗ್ಬೇಕು ಅಂದ್ರೆ ಫೋನ್ ನಮ್ಮನ್ನ ಹೆಚ್ಚು ಹೊತ್ತು ನೋಡ್ತಿರಬೇಕು. ಅದು ಒಂದು ಪೂರ್ತಿ ಎಪಿಸೋಡಿನ ವಿಷಯ, ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಿಂದಲೇ ಶುರು ಮಾಡ್ಬೇಕು. ಮಾಡ್ತೀನಿ.

ಇವತ್ತು ಮುಗಿಸೋ ಮೊದಲು ನಿಮ್ಮ ಫೋನಲ್ಲಿ ಮಾಡ್ಕೊಳ್ಳೋ ಎರಡು ಕೆಲಸ. ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ರೆ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಓಎಸ್ ಅಂತ ಇದೆ, ಕ್ರ್ಯಾಶ್ ಆದ ಮೇಲೆ ಕರೆ ಮಾಡೋ ಆಯ್ಕೆ ಅಲ್ಲೇ ಸಿಗುತ್ತೆ. ಆನ್ ಇದೆಯಾ ನೋಡ್ಕೊಳ್ಳಿ. ಎರಡನೇದು ಬೈಕ್ ಓಡಿಸೋರಿಗೆ, ಯಾವ ಫೋನ್ ಆದ್ರೂ ಸರಿ. ಲಾಕ್ ತೆಗೀದೇ ಕಾಣೋ ಹಾಗೆ ಎಮರ್ಜೆನ್ಸಿ ಕಾಂಟ್ಯಾಕ್ಟ್, ರಕ್ತದ ಗುಂಪು ತುಂಬಿಸಿಡಿ. ಫೋನ್ ತಾನಾಗಿ 112ಕ್ಕೆ ಕರೆ ಮಾಡುತ್ತೆ ಅಂತ ನೆಚ್ಚಿಕೊಳ್ಳೋದಕ್ಕಿಂತ, ರಸ್ತೆಯಲ್ಲಿ ನಿಮ್ಮನ್ನ ಎತ್ತೋ ಮನುಷ್ಯನಿಗೆ ಅದು ಬೇಗ ಕೆಲಸಕ್ಕೆ ಬರುತ್ತೆ.

ನಿಮ್ಮ ಫೋನ್ ನಿಮ್ಮನ್ನ ತಪ್ಪಾಗಿ ಊಹಿಸಿದ ಪ್ರಸಂಗ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ. ಬಸ್ಸಲ್ಲಿ ಕೂತಿದ್ರೂ ನೀವು ಡ್ರೈವಿಂಗ್ ಮಾಡ್ತಿದ್ದೀರಿ ಅಂದಿದ್ದು, ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ರೆ ಹೆಜ್ಜೆ ಎಣಿಸಿದ್ದು, ಏನಾದ್ರೂ ಸರಿ. ಗಾಡಿ ನಿಲ್ಲಿಸಿ ಕಳಿಸಿ. ಮುಂದಿನ ವಾರ ಸಿಗೋಣ.